ಬೇವಿನ ಮೇಲಿನ ಅಮೃತಬಳ್ಳಿ ಮತ್ತು ದಾಳಿಂಬೆಯ ರಸ ಹೀರುವ ಪತಂಗ

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ದಾಳಿಂಬೆ ತೋಟ. ಭಗವಾ ತಳಿ, ಸುಮಾರು 600 ಗಿಡಗಳಿವೆ. ಈ ವರ್ಷ ಅಂಬೆ ಬಹಾರ್, ಅಂದರೆ ಜನವರಿ, ಫೆಬ್ರುವರಿಯ ಹೂವಿನ ಬೆಳೆ, ಹಿಡಿದಿದ್ದೆವು. ಆಗಸ್ಟ್‌ನಲ್ಲಿ ಹಣ್ಣಿಗೆ ಬಣ್ಣ ಬರತೊಡಗಿದಾಗಿನಿಂದ ಬೆಳಗಾದರೆ ಗಿಡಗಳ ಬುಡದಲ್ಲಿ ಹಣ್ಣು ಉದುರಿ ಬಿದ್ದಿರುತ್ತವೆ. ಸಿಪ್ಪೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ತೂತು, ಅದರ ಸುತ್ತ ಕಂದು ಕಲೆ. ಒತ್ತಿದರೆ ರಸ ಚಿಮ್ಮುತ್ತದೆ. ಒಡೆದು ನೋಡಿದರೆ ಒಳಗೆ ಹುಳು ಇಲ್ಲ. ಔಷಧಿ ಅಂಗಡಿಯವರ ಮಾತಿನಂತೆ ಮೂರು ಸಲ ಸಿಂಪಡಿಸಿದೆವು, ಬೆಳಕಿನ ಬಲೆಯನ್ನೂ ಕಟ್ಟಿದೆವು, ಉಪಯೋಗವಾಗಲಿಲ್ಲ. ಒಂದು ರಾತ್ರಿ ಮೋಟರ್ ಚಾಲು ಮಾಡಲು ಹೋದಾಗ ಹಣ್ಣಿನ ಮೇಲೆ ಕುಳಿತ ದೊಡ್ಡ ಪಾತರಗಿತ್ತಿಯೊಂದು ಕಣ್ಣಿಗೆ ಬಿತ್ತು. ಮೇಲಿನ ರೆಕ್ಕೆ ಒಣ ಎಲೆಯಂತೆ, ಕೆಳಗಿನದು ಕೇಸರಿ, ನಡುವೆ ಕರಿ ಬೊಟ್ಟು. ಪಕ್ಕದ ದಾಳಿಂಬೆ ತೋಟದವರು, ಇದರ ಹುಳು ಅಮೃತಬಳ್ಳಿಯಲ್ಲಿ ಬೆಳೆಯುತ್ತದೆ, ನಿಮ್ಮ ಒಡ್ಡಿನ ಬೇವಿನ ಮರದ ಮೇಲಿನ ಬಳ್ಳಿಯನ್ನು ಮೊದಲು ಕಡಿಯಿರಿ ಎನ್ನುತ್ತಿದ್ದಾರೆ. ಆ ಬಳ್ಳಿಯನ್ನು ನಮ್ಮ ಅವ್ವ ಅನೇಕ ವರ್ಷಗಳಿಂದ ಜೋಪಾನ ಮಾಡಿದ್ದಾರೆ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಅದರ ಕಾಂಡ ಕೇಳಿಕೊಂಡು ಬರುತ್ತಾರೆ. ಬಳ್ಳಿ ಕಡಿದರೆ ಹಣ್ಣು ಉಳಿಯುತ್ತದೆಯೇ? ತೂತು ಬಿದ್ದ ಹಣ್ಣನ್ನು ತಿಂದರೆ ಅಪಾಯವೇ? ಮುಂದಿನ ವರ್ಷಕ್ಕಾದರೂ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಹಣ್ಣು ಕೈತಪ್ಪಿ ಹೋಗುತ್ತಿರುವುದು ಒಂದು. ಅವ್ವನವರು ಬೆಳೆಸಿದ ಬಳ್ಳಿಯೇ ಅದಕ್ಕೆ ಕಾರಣವಾಗಿರಬಹುದೇ ಎಂಬ ಸಂಕಟ ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನಿಮ್ಮ ನೆರೆಯವರು ಹೇಳಿದ್ದು ಸುಳ್ಳಲ್ಲ, ಈ ಪತಂಗದ ಮರಿಹುಳು ಅಮೃತಬಳ್ಳಿಯ ಎಲೆ ತಿಂದೇ ಬೆಳೆಯುತ್ತದೆ. ಆದರೆ ಆ ಒಂದು ಬಳ್ಳಿಯನ್ನು ಕಡಿದ ಮಾತ್ರಕ್ಕೆ ನಿಮ್ಮ ಹಣ್ಣು ಉಳಿಯುವುದಿಲ್ಲ. ಈ ಕೀಟದ ಬಾಲ್ಯ ಒಂದು ಕಡೆ, ಪ್ರಾಯ ಇನ್ನೊಂದು ಕಡೆ ಕಳೆಯುತ್ತದೆ. ಹಾನಿ ಮಾಡುವ ಹಂತವು ತೋಟದಲ್ಲಿ ಹುಟ್ಟುವುದೂ ಇಲ್ಲ, ಹಗಲು ಅಲ್ಲಿ ಇರುವುದೂ ಇಲ್ಲ. ಇದನ್ನು ಅರಿಯದೆ ಮಾಡಿದ ಖರ್ಚೆಲ್ಲ ವ್ಯರ್ಥವಾಗುವುದನ್ನು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ತೋಟಗಳಲ್ಲಿ ಅನೇಕ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ.

ನೀವು ಕಂಡದ್ದು ಪಾತರಗಿತ್ತಿಯಲ್ಲ, ಪತಂಗ. ನೀವು ವಿವರಿಸಿದ ರೆಕ್ಕೆಯ ಗುರುತಿನಿಂದ ಅದು ಯೂಡೊಸಿಮಾ ಮೆಟರ್ನಾ ಎಂದು ಹೇಳಬಹುದು. ಕೇಸರಿ ಹಿಂರೆಕ್ಕೆಯ ನಡುವೆ ದುಂಡನೆಯ ಒಂದೇ ಕರಿ ಬೊಟ್ಟು, ಅಂಚಿಗೆ ಕಪ್ಪು ಪಟ್ಟಿ ಇದರ ಲಕ್ಷಣ. ಇದರ ಹತ್ತಿರದ ಬಂಧು ಯೂಡೊಸಿಮಾ ಫಲೋನಿಯಾ. ಅದರ ಹಿಂರೆಕ್ಕೆಯಲ್ಲಿ ಬೊಟ್ಟಿನ ಬದಲು ಬಾಗಿದ, ಮೂತ್ರಪಿಂಡದ ಆಕಾರದ ಕಪ್ಪು ಮಚ್ಚೆಯಿರುತ್ತದೆ. ಫಲೋನಿಯಾವನ್ನು 1763ರಲ್ಲಿ, ಮೆಟರ್ನಾವನ್ನು 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಸಿದ. ಹಳೆಯ ಕೃಷಿ ಪುಸ್ತಕಗಳಲ್ಲಿ ಇವು ಒಥ್ರೀಸ್ ಎಂಬ ಹೆಸರಿನಲ್ಲಿ ಸಿಗುತ್ತವೆ. ರೆಕ್ಕೆ ಬಿಚ್ಚಿದರೆ 8ರಿಂದ 10 ಸೆಂ.ಮೀ. ಅಗಲ ಬರುವ ಪತಂಗಗಳಿವು. ಮುಚ್ಚಿಕೊಂಡು ಕುಳಿತಾಗ ಮಾತ್ರ ತರಗೆಲೆಯೊಂದು ಕಂಟಿಗೆ ಸಿಕ್ಕಿಕೊಂಡಿದೆ ಎನ್ನಿಸುತ್ತದೆ. ಹಗಲಿನಲ್ಲಿ ಹುಡುಕಿದರೆ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಇವುಗಳ ಸೊಂಡಿಲನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಸತ್ತ ಪತಂಗವೊಂದು ಕೈಗೆ ಸಿಕ್ಕರೆ, ತಲೆಯ ಕೆಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡ ಕಂದು ಎಳೆಯನ್ನು ಗುಂಡುಸೂಜಿಯ ತುದಿಯಿಂದ ಮೆಲ್ಲಗೆ ಬಿಚ್ಚಿ ನೋಡಿ. ಬೇರೆ ಪತಂಗಗಳಲ್ಲಿ ಈ ಎಳೆ ಮೆತ್ತಗಿರುತ್ತದೆ, ಹೂವಿನ ಮಕರಂದ ಹೀರಲು ಅಷ್ಟೇ ಸಾಕು. ಇವುಗಳಲ್ಲಿ ಅದು 2 ಸೆಂ.ಮೀ.ಗೂ ಹೆಚ್ಚು ಉದ್ದವಾಗಿ, ತುದಿಯಲ್ಲಿ ಗಟ್ಟಿಯಾಗಿ ಚೂಪಾಗಿರುತ್ತದೆ. ಭೂತಗನ್ನಡಿ ಹಿಡಿದರೆ ತುದಿಯ ಸುತ್ತ ಸಣ್ಣ ಕೊಕ್ಕೆಗಳೂ ಮುಳ್ಳುಗಳೂ ಕಾಣುತ್ತವೆ. ಸೊಂಡಿಲು ಎಂದರೆ ಎರಡು ಅರ್ಧಗಳನ್ನು ಜೋಡಿಸಿದ ಕೊಳವೆ. ಒಂದು ಅರ್ಧ ಮುಂದೆ ಸರಿದಾಗ ಇನ್ನೊಂದು ಹಿಂದೆ ಸರಿಯುತ್ತದೆ, ಹೀಗೆ ಗರಗಸ ಎಳೆದಂತೆ ಎಳೆಯುತ್ತಾ ಪತಂಗವು ದಾಳಿಂಬೆಯ ತೊಗಲಿನಂಥ ಸಿಪ್ಪೆಯನ್ನು ಕೊರೆದು ಕಾಳಿನವರೆಗೆ ತಲುಪುತ್ತದೆ. ನೀವು ಕಂಡ ಸೂಜಿತೂತು ಹೀಗೆ ಆದದ್ದು.

ಹೀರಿದ ರಸದಿಂದ ಆಗುವ ನಷ್ಟ ಬಹಳ ಕಡಿಮೆ. ನಷ್ಟವೆಲ್ಲ ಆಗುವುದು ತೂತಿನಿಂದ. ಅದರ ಮೂಲಕ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಒಳಹೋಗುತ್ತವೆ, ಸುತ್ತಲಿನ ಸಿಪ್ಪೆ ಕಂದುಗಟ್ಟುತ್ತದೆ, ಒಳಗಿನ ಕಾಳು ಮೆತ್ತಗಾಗಿ ಹುಳಿಯುತ್ತದೆ ಮತ್ತು ಕೆಲವೇ ದಿನಗಳಲ್ಲಿ ಹಣ್ಣು ತೊಟ್ಟು ಕಳಚುತ್ತದೆ. ಹುಳಿ ವಾಸನೆ ಹಬ್ಬಿದ ಮೇಲೆ ಸಿಪ್ಪೆ ಕೊರೆಯುವ ಶಕ್ತಿಯಿಲ್ಲದ ಬೇರೆ ಪತಂಗಗಳೂ ಬಂದು ಅದೇ ತೂತಿನಿಂದ ಹೀರುತ್ತವೆ. ಔಡಲದ ಕೊಂಡಲಿ ಹುಳುವಿನ ಪತಂಗ ಇಂಥವುಗಳಲ್ಲಿ ಒಂದು. ಆದ್ದರಿಂದ ಹಣ್ಣಿನ ಮೇಲೆ ಕಂಡ ಎಲ್ಲ ಪತಂಗಗಳೂ ತೂತು ಮಾಡಿದವಲ್ಲ.

ಇದೇ ಕೀಟದ ಕೆಲಸ ಎಂದು ಖಚಿತಪಡಿಸಿಕೊಳ್ಳುವುದು ಮುಖ್ಯ, ಏಕೆಂದರೆ ದಾಳಿಂಬೆಯಲ್ಲಿ ತೂತು ಎಂದ ತಕ್ಷಣ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ತೊಂದರೆಗಳನ್ನು ಒಂದೇ ಎಂದು ತಿಳಿಯುವವರಿದ್ದಾರೆ. ತೂತು ದೊಡ್ಡದಾಗಿದ್ದು, ಬಾಯಲ್ಲಿ ಹಿಕ್ಕೆ ತುಂಬಿ ನಾರುತ್ತಿದ್ದರೆ ಅದು ಹಣ್ಣು ಕೊರೆಯುವ ಹುಳು. ಅದರ ತಾಯಿ ನಿಜವಾಗಿಯೂ ಹಗಲು ಹಾರುವ ಪಾತರಗಿತ್ತಿ, ಅದು ಹೂವು ಮತ್ತು ಎಳೆ ಕಾಯಿಗಳ ಮೇಲೆ ಮೊಟ್ಟೆಯಿಡುತ್ತದೆ, ಹುಳು ಒಳಗೇ ಬೆಳೆಯುತ್ತದೆ. ಒಡೆದಾಗ ಬಿಳಿ ಮರಿಗಳು ಮಿಸುಕಾಡಿದರೆ ಹಣ್ಣಿನ ನೊಣ. ಕಪ್ಪು ಕಲೆಯ ಮೇಲೆ ಸಿಪ್ಪೆ ಕವಲೊಡೆದಂತೆ ಸೀಳಿದ್ದರೆ ದುಂಡಾಣು ಅಂಗಮಾರಿ, ಅದು ಕೀಟವೇ ಅಲ್ಲ. ಬಾವಲಿ ತಿಂದಿದ್ದರೆ ಹಲ್ಲಿನ ಗುರುತು ಇರುತ್ತದೆ, ಹಣ್ಣಿನ ತುಂಡೇ ಹೋಗಿರುತ್ತದೆ. ನಿಮ್ಮಲ್ಲಿ ಸೂಜಿತೂತು, ಒತ್ತಿದರೆ ಚಿಮ್ಮುವ ರಸ, ಒಳಗೆ ಹುಳುವಿಲ್ಲ, ಜೊತೆಗೆ ಕಣ್ಣಾರೆ ಕಂಡ ಪತಂಗ, ಇಷ್ಟೂ ಇರುವುದರಿಂದ ಅನುಮಾನಕ್ಕೆ ಎಡೆಯಿಲ್ಲ.

ಒಳಗೆ ಹುಳು ಸಿಗದೆ ಇದ್ದದ್ದಕ್ಕೆ ಕಾರಣ ಸರಳ. ಈ ಪತಂಗ ಹಣ್ಣಿನಲ್ಲಿ ಮೊಟ್ಟೆ ಇಡುವುದೇ ಇಲ್ಲ. ಹೆಣ್ಣು ಮೊಟ್ಟೆಯಿಡಲು ಹುಡುಕಿ ಹೋಗುವುದು ಅಮೃತಬಳ್ಳಿಯ ಕುಟುಂಬದ ಬಳ್ಳಿಗಳನ್ನು. ನಮ್ಮ ಭಾಗದಲ್ಲಿ ಅಂಥವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅಮೃತಬಳ್ಳಿ. ಆದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಬೆಳೆದಿರುವುದು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ದಾಗಡಿ ಬಳ್ಳಿ. ಹೊಲದ ಬೇಲಿ, ಜಾಲಿ ಕಂಟಿ, ಬಾರಿ ಗಿಡ, ಹಳ್ಳದ ದಂಡೆ, ಪಾಳು ಗೋಡೆ ಎಲ್ಲೆಲ್ಲಿಯೂ ಅದು ಹಬ್ಬಿರುತ್ತದೆ. ಚಿಕ್ಕವರಿದ್ದಾಗ ಅದರ ಎಲೆ ಹಿಸುಕಿ ನೀರಿಗೆ ಬಿಟ್ಟು, ಆ ಹಸಿರು ನೀರು ಗಟ್ಟಿಯಾಗಿ ಕದಲದೆ ಕೂರುವುದನ್ನು ಬೆರಗಿನಿಂದ ನೋಡಿದ ನೆನಪು ನಿಮಗೂ ಇರಬಹುದು, ಅದೇ ಬಳ್ಳಿ. ತಂಪಿಗೆಂದು ಅದಕ್ಕೆ ಸಕ್ಕರೆ ಬೆರೆಸಿ ತಿನ್ನುವವರೂ ಇದ್ದಾರೆ.

ಮೊಟ್ಟೆಗಳು ಸಾಮಾನ್ಯವಾಗಿ ಎಲೆಯ ತಳಭಾಗದಲ್ಲಿರುತ್ತವೆ, ದುಂಡಗೆ, ಸಾಸಿವೆಗಿಂತ ಚಿಕ್ಕದಾಗಿ, ತಿಳಿ ಹಳದಿ ಹಸಿರು ಬಣ್ಣದಲ್ಲಿ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆ ಇಡಬಲ್ಲದು. ಬೆಚ್ಚಗಿನ ಹವೆಯಲ್ಲಿ 3 ಅಥವಾ 4 ದಿನಗಳಲ್ಲಿ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಎರಡು ಮೂರು ವಾರ ಎಲೆ ತಿಂದು ಬೆಳೆಯುವ ಈ ಹುಳುವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಪೂರ್ತಿ ಬೆಳೆದಾಗ ಬೆರಳುದ್ದ ಇರುತ್ತದೆ. ಬಣ್ಣ ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕಂದು, ಮತ್ತೊಂದರಲ್ಲಿ ಮಕಮಲ್ಲಿನಂಥ ಕಪ್ಪು. ಮೈಯ ಎರಡೂ ಬದಿಗಳಲ್ಲಿ ಕಣ್ಣು ಬರೆದಂಥ ಎರಡೆರಡು ದುಂಡು ಮಚ್ಚೆಗಳು. ಬಳ್ಳಿಯನ್ನು ಅಲುಗಿಸಿದರೆ ಅದು ತಲೆಯನ್ನು ಒಳಕ್ಕೆ ಬಾಗಿಸಿ ಹಿಂಭಾಗವನ್ನು ಮೇಲಕ್ಕೆತ್ತಿ ನಿಲ್ಲುತ್ತದೆ. ಆಗ ಆ ಸುಳ್ಳು ಕಣ್ಣುಗಳು ನೇರ ನಮ್ಮತ್ತ ನೋಡುತ್ತವೆ, ನೋಡಿದವರು ಹಾವಿನ ಮರಿಯೆಂದು ಕೈ ಹಿಂದೆಗೆಯುವುದುಂಟು. ಹಕ್ಕಿಗಳನ್ನು ಹೆದರಿಸಲು ಅದಕ್ಕಿರುವ ಉಪಾಯ ಅದು. ಮುಟ್ಟಿದರೆ ಕಚ್ಚುವುದಿಲ್ಲ, ಮೈಯಲ್ಲಿ ತುರಿಕೆಯ ಕೂದಲೂ ಇಲ್ಲ. ಬೆಳವಣಿಗೆ ಮುಗಿದ ಮೇಲೆ ಎರಡು ಮೂರು ಎಲೆಗಳನ್ನು ರೇಷ್ಮೆಯ ಎಳೆಯಿಂದ ಹೊಲಿದುಕೊಂಡು ಒಳಗೆ ಕೋಶವಾಗುತ್ತದೆ. ಸುಮಾರು ಎರಡು ವಾರದ ಬಳಿಕ ಪತಂಗವಾಗಿ ಹೊರಬರುತ್ತದೆ. ಹೀಗೆ ಮೊಟ್ಟೆಯಿಂದ ಪತಂಗದವರೆಗೆ ಐದಾರು ವಾರ ಹಿಡಿಯುತ್ತದೆ. ಅಷ್ಟೂ ಕಾಲ ಅದಕ್ಕೆ ನಿಮ್ಮ ದಾಳಿಂಬೆಯ ಅಗತ್ಯವೇ ಇಲ್ಲ.

ವಿಜಯಪುರದಂಥ ಒಣ ಸೀಮೆಯಲ್ಲಿ ಈ ಚಕ್ರವನ್ನು ನಡೆಸುವುದು ಮಳೆ. ಬೇಸಿಗೆಯಲ್ಲಿ ಅಮೃತಬಳ್ಳಿ ಎಲೆ ಉದುರಿಸಿ ಬರಿ ಹಗ್ಗದಂತೆ ಜೋತಾಡುತ್ತದೆ, ಮರಿಹುಳುವಿಗೆ ಆಹಾರವಿರುವುದಿಲ್ಲ. ಜೂನ್ ಮಳೆ ಬಿದ್ದೊಡನೆ ಬೇಲಿಯ ಬಳ್ಳಿಗಳೆಲ್ಲ ಚಿಗುರುತ್ತವೆ. ಆ ಚಿಗುರಿನಲ್ಲಿ ಒಂದು ತಲೆಮಾರು, ಅದರ ಮರಿಗಳಿಂದ ಇನ್ನೊಂದು, ಹೀಗೆ ಹೆಚ್ಚುತ್ತಾ ಹೋಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಪತಂಗಗಳ ಸಂಖ್ಯೆ ಏರುಮುಖವಾಗಿರುತ್ತದೆ. ಅಂಬೆ ಬಹಾರ್‌ನಲ್ಲಿ ಜನವರಿ, ಫೆಬ್ರುವರಿಯ ಹೊತ್ತಿಗೆ ಹೂ ಹಿಡಿಸಿದ ಗಿಡಗಳ ಹಣ್ಣು ಮಾಗುವುದು ಸರಿಯಾಗಿ ಇದೇ ಕಾಲಕ್ಕೆ. ನಿಮ್ಮ ತೋಟದಲ್ಲಿ ಹಾನಿ ಈ ಪ್ರಮಾಣಕ್ಕೆ ಹೋಗಲು ಬೇವಿನ ಮೇಲಿನ ಬಳ್ಳಿಗಿಂತ ಈ ಹೊಂದಾಣಿಕೆಯೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ಈಗ ಔಷಧಿಯ ವಿಷಯ. ಮೂರು ಸಿಂಪಡಣೆ ಏಕೆ ನಾಟಲಿಲ್ಲ ಎಂಬುದಕ್ಕೆ ಉತ್ತರ ಪತಂಗದ ದಿನಚರಿಯಲ್ಲೇ ಇದೆ. ಅದು ಹಗಲೆಲ್ಲ ಹಳ್ಳದ ಕಂಟಿಗಳಲ್ಲೋ ಮರಗಳ ದಟ್ಟ ನೆರಳಿನಲ್ಲೋ ಅಡಗಿರುತ್ತದೆ, ಕತ್ತಲಾದ ಮೇಲೆ ಹಾರಿ ಬಂದು ಹಣ್ಣಿನ ಮೇಲೆ ಕೂರುತ್ತದೆ, ಸೊಂಡಿಲಿನ ತುದಿಯನ್ನು ಸಿಪ್ಪೆಯ ಒಳಕ್ಕೆ ಇಳಿಸಿ ಕಾಳಿನ ರಸ ಹೀರುತ್ತದೆ. ಸಿಪ್ಪೆಯ ಮೇಲೆ ಕುಳಿತ ವಿಷ ಅದರ ಹೊಟ್ಟೆಗೆ ಹೋಗುವುದೇ ಇಲ್ಲ. ಒಂದು ವೇಳೆ ಕಾಲಿಗೆ ತಗುಲಿ ಸತ್ತರೂ ಅಷ್ಟರಲ್ಲಿ ತೂತು ಬಿದ್ದಾಗಿರುತ್ತದೆ. ನಾಳೆ ರಾತ್ರಿ ಬರುವುದು ಬೇರೆ ಪತಂಗ. ಕೊಯ್ಲು ಹತ್ತಿರವಿರುವಾಗ ಮಾಡುವ ಇಂಥ ಸಿಂಪಡಣೆಯಿಂದ ಉಳಿಯುವುದು ಹಣ್ಣಿನ ಮೇಲಿನ ವಿಷದ ಅಂಶ ಮಾತ್ರ, ರಫ್ತಿಗೆ ಕಳಿಸುವವರ ಸರಕು ತಿರಸ್ಕೃತವಾಗುವುದೂ ಇದರಿಂದಲೇ. ದಯವಿಟ್ಟು ನಾಲ್ಕನೆಯ ಸಲ ಹೊಡೆಯಬೇಡಿ. ಮತ್ತು ಎಂಥ ಸಂದರ್ಭದಲ್ಲೂ ಬೇವಿನ ಮೇಲಿನ ಬಳ್ಳಿಗೆ ಕೀಟನಾಶಕ ಹೊಡೆಯಬೇಡಿ, ಅದರ ಕಾಂಡವನ್ನು ಕುದಿಸಿ ಕುಡಿಯುವವರು ನಿಮ್ಮ ಓಣಿಯವರೇ.

ಬೆಳಕಿನ ಬಲೆಯ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಪತಂಗ ಎಂದರೆ ದೀಪಕ್ಕೆ ಬೀಳುವುದು ಎಂದು ನಾವು ನಂಬಿಕೊಂಡಿದ್ದೇವೆ. ಹಣ್ಣು ಚುಚ್ಚುವ ಈ ಪತಂಗಗಳು ದೀಪದತ್ತ ಬರುವುದು ಬಹಳ ಕಡಿಮೆ, ಅವುಗಳನ್ನು ಕರೆತರುವುದು ಮಾಗಿದ ಹಣ್ಣಿನ ವಾಸನೆ. ನಿಮ್ಮ ಬಲೆಗೆ ಬಿದ್ದವು ಹೆಚ್ಚಾಗಿ ಬೇರೆ ಕೀಟಗಳೇ ಆಗಿರುತ್ತವೆ, ಅವುಗಳಲ್ಲಿ ನಿಮಗೆ ಉಪಕಾರ ಮಾಡುವವೂ ಇರಬಹುದು.

ತೂತು ಬಿದ್ದ ಹಣ್ಣನ್ನು ತಿನ್ನಬಹುದೇ ಎಂದು ಕೇಳಿದ್ದೀರಿ. ಪತಂಗವು ಹಣ್ಣಿಗೆ ವಿಷವನ್ನೇನೂ ಸೇರಿಸುವುದಿಲ್ಲ. ಆದರೆ ತೂತಿನಿಂದ ಒಳಗೆ ಕೊಳೆ ಎಷ್ಟು ಹಬ್ಬಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ, ಹುಳಿ ವಾಸನೆ ಬಂದ ಅಥವಾ ಕಾಳು ಕಂದಾದ ಹಣ್ಣನ್ನು ಮಕ್ಕಳ ಕೈಗೆ ಕೊಡಬೇಡಿ. ಈ ಸಲದ ಹಣ್ಣಿಗೆ ಮೂರು ಬಾರಿ ಔಷಧಿ ಬಿದ್ದಿರುವುದರಿಂದ, ಬಾಟಲಿಯ ಮೇಲೆ ಬರೆದಿರುವ ಕಾಯುವ ದಿನಗಳು ಮುಗಿಯುವ ತನಕ ಒಳ್ಳೆಯ ಹಣ್ಣನ್ನೂ ಕೊಯ್ದು ತಿನ್ನಬಾರದು, ಮಾರಲೂ ಬಾರದು.

ಈಗ ಉಳಿದಿರುವ ಹಣ್ಣಿಗೆ ಏನು ಮಾಡಬಹುದು? ಮೊದಲು ಬಿದ್ದ ಹಣ್ಣುಗಳನ್ನು ದಿನಾಲೂ ಆರಿಸಿ ಎರಡು ಅಡಿ ಗುಂಡಿಯಲ್ಲಿ ಹೂತು ಮಣ್ಣು ಮುಚ್ಚಿ. ಒಡ್ಡಿನ ಮೇಲೆ ರಾಶಿ ಹಾಕುವುದು ಅಥವಾ ಹಳ್ಳಕ್ಕೆ ಎಸೆಯುವುದು ನಮ್ಮಲ್ಲಿ ಬಹಳ ಕಡೆ ಕಾಣುವ ರೂಢಿ, ಆ ರಾಶಿಯ ಹುಳಿ ವಾಸನೆಯೇ ಇನ್ನಷ್ಟು ಪತಂಗಗಳನ್ನು ಕರೆಯುತ್ತದೆ. ಮಾಗಿದ ಹಣ್ಣನ್ನು ದರ ಏರಲಿ ಎಂದು ಗಿಡದಲ್ಲಿ ಬಿಡಬೇಡಿ, ಕಾಯುವ ದಿನ ಮುಗಿದ ಕೂಡಲೇ ಹಳ್ಳದ ಕಡೆಯ ಸಾಲುಗಳಿಂದ ಕೊಯ್ಲು ಪ್ರಾರಂಭಿಸಿ.

ಜೊತೆಗೆ ರಾತ್ರಿ ಹಿಡಿಯುವ ಕೆಲಸವಿದೆ. ಎರಡು ಎಕರೆಯಷ್ಟು ತೋಟಕ್ಕೆ ಇದು ನಿಜವಾಗಿಯೂ ಸಾಧ್ಯವಾಗುವ ಉಪಾಯ. ಕತ್ತಲಾಗಿ ಒಂದು ತಾಸಿನ ಬಳಿಕ, ಸುಮಾರು ಎಂಟರಿಂದ ಹನ್ನೊಂದರವರೆಗೆ, ಇಬ್ಬರು ಟಾರ್ಚ್ ಹಿಡಿದು ಸಾಲುಗಳ ನಡುವೆ ನಡೆಯಬೇಕು. ಹಣ್ಣಿನ ಮೇಲೆ ಕುಳಿತ ಪತಂಗದ ಕಣ್ಣುಗಳು ಬೆಳಕು ಬಿದ್ದಾಗ ಕೆಂಡದ ಕಿಡಿಯಂತೆ ಹೊಳೆಯುತ್ತವೆ, ಹತ್ತು ಹೆಜ್ಜೆ ದೂರದಿಂದಲೂ ಗುರುತು ಹಿಡಿಯಬಹುದು. ಸೊಂಡಿಲು ಹಣ್ಣಿನೊಳಗೆ ಸಿಕ್ಕಿರುವಾಗ ಅದು ಬೇಗ ಹಾರಲಾರದು. ಹಳೆಯ ಸೊಳ್ಳೆಪರದೆಯ ಬಟ್ಟೆಯನ್ನು ತಂತಿಯ ಬಳೆಗೆ ಹೊಲಿದರೆ ಕೈಬಲೆಯಾಗುತ್ತದೆ, ಹಿಡಿದವುಗಳನ್ನು ಸಾಬೂನು ನೀರಿನ ಬಕೆಟ್ಟಿಗೆ ಹಾಕಿದರಾಯಿತು. ಒಂದು ರಾತ್ರಿ ಮಾಡಿ ಬಿಟ್ಟರೆ ಗುಣ ಕಾಣುವುದಿಲ್ಲ, ಕೊಯ್ಲು ಮುಗಿಯುವ ತನಕ ದಿನವೂ ನಡೆಯಬೇಕು. ಇದರಲ್ಲಿರುವ ಅಪಾಯ ಹಾವಿನದು. ಮಳೆಗಾಲದ ರಾತ್ರಿ ಗಿಡದ ಬುಡದಲ್ಲಿ ಕೈ ಹಾಕುವ, ಬರಿಗಾಲಿನಲ್ಲಿ ನಡೆಯುವ ಕೆಲಸ ಖಂಡಿತ ಬೇಡ, ಉದ್ದನೆಯ ಬೂಟು ಹಾಕಿಕೊಂಡೇ ಹೋಗಿ. ಒಬ್ಬರೇ ಹೋಗಬೇಡಿ.

ಬೆಲ್ಲದ ನೀರು ಅಥವಾ ಹುಳಿಸಿದ ಹಣ್ಣಿನ ರಸಕ್ಕೆ ವಿಷ ಬೆರೆಸಿ ಮಡಕೆಗಳಲ್ಲಿ ಇಡುವ ಪದ್ಧತಿಯನ್ನು ನಿಮಗೆ ಯಾರಾದರೂ ಹೇಳಬಹುದು. ಹಳೆಯ ಶಿಫಾರಸುಗಳಲ್ಲಿ ಇದು ಇದೆ, ಕೆಲವು ಪತಂಗಗಳು ಸಾಯುವುದೂ ನಿಜ. ಆದರೆ ಸುತ್ತ ಸಾವಿರಾರು ಮಾಗಿದ ಹಣ್ಣುಗಳ ಪರಿಮಳ ಇರುವಾಗ ಎಲ್ಲ ಪತಂಗಗಳೂ ಮಡಕೆಗೆ ಬರುವುದಿಲ್ಲ, ಹಗಲಿನಲ್ಲಿ ಅದೇ ಸಿಹಿಗೆ ಜೇನುನೊಣಗಳು ಬಂದು ಸಾಯುತ್ತವೆ, ದನಕರು ಮತ್ತು ಮಕ್ಕಳಿಗೂ ಅಪಾಯ. ಮಾಡಲೇಬೇಕೆಂದರೆ ವಿಷವಿಲ್ಲದೆ, ಕೊಳೆತ ಬಾಳೆಹಣ್ಣು ಮತ್ತು ಬೆಲ್ಲವನ್ನು ಹುಳಿಸಿ ತೋಟದ ಅಂಚಿನಲ್ಲಿ ಸಂಜೆ ಇಡಿ, ಬಂದವನ್ನು ಕೈಬಲೆಯಿಂದ ಹಿಡಿಯಿರಿ, ಬೆಳಗಾಗುವುದರೊಳಗೆ ಮುಚ್ಚಿಡಿ. ವಿಷ ಬೆರೆಸುವ ಮುಂಚೆ ಯಾವ ಔಷಧಿಗೆ ದಾಳಿಂಬೆಯಲ್ಲಿ ಈಗ ಅನುಮತಿಯಿದೆ ಎಂಬುದನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕೇಳಿಕೊಳ್ಳಿ. ಸಂಜೆ ಹೊಗೆ ಹಾಕುವುದರಿಂದ ಹಣ್ಣಿನ ವಾಸನೆ ಮರೆಯಾಗಿ ಗಾಳಿಯಿಲ್ಲದ ರಾತ್ರಿ ಸ್ವಲ್ಪ ಗುಣ ಕಂಡೀತು, ಗಾಳಿ ಬೀಸಿದರೆ ಇಲ್ಲ.

ಮುಂದಿನ ವರ್ಷದ ಮಾತಿಗೆ ಬಂದರೆ, ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಹಣ್ಣಿಗೆ ಚೀಲ ಕಟ್ಟುವುದನ್ನು. ಪತಂಗ ಎಲ್ಲಿಂದ ಬಂದರೂ, ಎಷ್ಟು ಬಂದರೂ ಹಣ್ಣು ಅದಕ್ಕೆ ಸಿಗಬಾರದು. ನೇಯದ ಬಟ್ಟೆಯ ತೆಳು ಬಿಳಿ ಚೀಲ ಅಥವಾ ಬಟರ್ ಪೇಪರ್ ಚೀಲ ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಹಣ್ಣು ಕೊಳೆಯುತ್ತದೆ, ವೃತ್ತಪತ್ರಿಕೆಯ ಕಾಗದ ಮೊದಲ ದೊಡ್ಡ ಮಳೆಗೇ ಹರಿಯುತ್ತದೆ. ಹಣ್ಣಿಗೆ ಬಣ್ಣ ಬರುವ ಮುನ್ನವೇ, ಕೊಯ್ಲಿಗೆ ಒಂದು ತಿಂಗಳಿಗಿಂತ ಹೆಚ್ಚು ಸಮಯವಿರುವಾಗ ಕಟ್ಟಿ ಮುಗಿಸಬೇಕು. ಚೀಲವು ಸಿಪ್ಪೆಗೆ ಬಿಗಿಯಾಗಿ ಅಂಟಿಕೊಂಡಿರಬಾರದು, 2 ಸೆಂ.ಮೀ.ಗೂ ಹೆಚ್ಚು ಉದ್ದದ ಆ ಸೊಂಡಿಲಿಗೆ ತೆಳು ಬಟ್ಟೆ ದೊಡ್ಡ ತಡೆಯಲ್ಲ. ಸಡಿಲವಾಗಿ, ಸುತ್ತ ಗಾಳಿಯಾಡುವಂತೆ ತೊಟ್ಟಿಗೆ ಕಟ್ಟಬೇಕು. ಕಟ್ಟುವ ಮೊದಲು ಹಣ್ಣಿನ ಮೇಲೆ ಹಿಟ್ಟು ತಿಗಣೆ ಇದೆಯೇ ನೋಡಿ, ಒಳಗೆ ಸಿಕ್ಕಿಕೊಂಡರೆ ಅವು ನಿಶ್ಚಿಂತೆಯಿಂದ ಬೆಳೆಯುತ್ತವೆ. ಮಳೆ ಬಿಡದೆ ಹಿಡಿದ ವಾರಗಳಲ್ಲಿ ಅಲ್ಲಲ್ಲಿ ಕೆಲವು ಚೀಲ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ. ಇನ್ನು ಖರ್ಚು. ಗಿಡಕ್ಕೆ 60 ಹಣ್ಣು ಎಂದು ಹಿಡಿದರೂ 600 ಗಿಡಕ್ಕೆ 36,000 ಚೀಲ ಬೇಕು, ಕಟ್ಟುವ ಆಳಿನ ಕೂಲಿ ಬೇರೆ. ಇದು ಸಣ್ಣ ಮೊತ್ತವಲ್ಲ. ಈ ಸಲ ಉದುರಿದ ಹಣ್ಣಿನ ತೂಕ ಮತ್ತು ಮೂರು ಸಿಂಪಡಣೆಯ ವೆಚ್ಚವನ್ನು ಕೂಡಿಸಿ ಅದರೊಂದಿಗೆ ಹೋಲಿಸಿ ನೋಡಿ, ಆಮೇಲೆ ನಿರ್ಧರಿಸಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಹಳ್ಳದ ಕಡೆಯ ಮತ್ತು ಬೇಲಿಯಂಚಿನ ಸಾಲುಗಳಿಗಾದರೂ ಕಟ್ಟಿ. ಚೀಲದಿಂದ ಹಣ್ಣಿನ ನೊಣ ಮತ್ತು ಬಿಸಿಲಿನ ಸುಟ್ಟಕಲೆಯೂ ತಪ್ಪುತ್ತವೆ.

ಇಡೀ ತೋಟಕ್ಕೆ ಬಲೆ ಹೊದಿಸುವವರೂ ಇದ್ದಾರೆ. ಅಂಚುಗಳನ್ನು ನೆಲಕ್ಕೆ ಮುಟ್ಟುವಂತೆ ಮುಚ್ಚಿದರೆ ಅದು ಪೂರ್ಣ ರಕ್ಷಣೆ, ಬಂಡವಾಳ ಮಾತ್ರ ಭಾರಿ. ಹೂವಿನ ಕಾಲದಲ್ಲಿ ಬಲೆ ಎತ್ತಿರಲೇಬೇಕು, ಜೇನುನೊಣ ಬಾರದಿದ್ದರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಜಪಾನಿನ ಹಣ್ಣಿನ ತೋಟಗಳಲ್ಲಿ ರಾತ್ರಿಯಿಡೀ ಹಳದಿ ದೀಪ ಉರಿಸುವ ಪದ್ಧತಿಯಿದೆ. ಅದು ಆಕರ್ಷಿಸುವ ದೀಪವಲ್ಲ. ಹಳದಿ ಬೆಳಕಿನಲ್ಲಿ ಪತಂಗದ ಕಣ್ಣು ಹಗಲಿನ ಸ್ಥಿತಿಗೆ ತಿರುಗಿ, ಅದು ಹಾರದೆ ಸುಮ್ಮನೆ ಕೂರುತ್ತದೆ. ಬೆಳಕು ಎಲ್ಲ ಗಿಡಗಳ ಮೇಲೂ ಸಮನಾಗಿ ಬೀಳಬೇಕು, ಇಡೀ ರಾತ್ರಿ ಇರಬೇಕು. ಪಾಳಿಯ ಮೇಲೆ ಕರೆಂಟ್ ಬರುವ ಹೊಲದಲ್ಲಿ ಇದನ್ನು ನಂಬಿ ಕೂರಲು ನಾನು ಹೇಳಲಾರೆ.

ಬಹಾರ್ ಬದಲಿಸುವುದು ಇನ್ನೊಂದು ದಾರಿ, ಅದನ್ನು ಯೋಚಿಸಿಯೇ ಹಿಡಿಯಬೇಕು. ಹಸ್ತ ಬಹಾರ್‌ನಲ್ಲಿ ಹೂ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಹಣ್ಣು ಮಾಗುವ ಹೊತ್ತಿಗೆ ಫೆಬ್ರುವರಿ, ಮಾರ್ಚ್. ಆಗ ಬಳ್ಳಿಗಳು ಎಲೆ ಉದುರಿಸಿರುತ್ತವೆ, ಪತಂಗದ ಕಾಟ ಬಹಳ ಕಡಿಮೆ. ಆದರೆ ಹೂವಿಗೆ ಮುಂಚೆ ನೀರು ನಿಲ್ಲಿಸಿ ಗಿಡವನ್ನು ಬಾಡಿಸಬೇಕಾದ ದಿನಗಳು ಸರಿಯಾಗಿ ನಮ್ಮ ಜಿಲ್ಲೆಯ ಮಳೆಯ ದಿನಗಳು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಬೀಳುವ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್‌ನಲ್ಲೇ ಸುರಿಯುತ್ತದೆ, ಗಿಡ ಬಾಡದಿದ್ದರೆ ಹೂವು ಸರಿಯಾಗಿ ಬಾರದು. ಹಣ್ಣು ಬೆಳೆಯುವ ಚಳಿಗಾಲದಲ್ಲೂ ಬೇಸಿಗೆಯ ಆರಂಭದಲ್ಲೂ ಬೋರ್‌ವೆಲ್‌ನಲ್ಲಿ ನೀರು ಉಳಿದಿರಬೇಕು. ನಿಮ್ಮ ಬೋರ್ ಮಾರ್ಚ್‌ವರೆಗೆ ನಡೆಯುತ್ತದೆಯೇ ಎಂಬುದು ನಿಮಗೇ ಗೊತ್ತು.

ಕೊನೆಗೆ ಬಳ್ಳಿ. ತೋಟದ ಸುತ್ತಲಿನ ಈ ಜಾತಿಯ ಕಾಡುಬಳ್ಳಿಗಳನ್ನು ತೆಗೆಯಿರಿ ಎಂಬ ಶಿಫಾರಸು ಹಳೆಯದು, ಅದರಲ್ಲಿ ತಥ್ಯವಿದೆ. ನಿಮ್ಮ ಸ್ವಂತ ಬೇಲಿಯಲ್ಲಿರುವ ದಾಗಡಿ ಬಳ್ಳಿಯನ್ನು ಮುಂಗಾರಿಗೆ ಮೊದಲು ಬೇರುಸಹಿತ ಕಿತ್ತರೆ ತೋಟದ ಪಕ್ಕದಲ್ಲೇ ಹುಟ್ಟುವ ಪತಂಗಗಳು ಕಡಿಮೆಯಾಗುತ್ತವೆ. ಆದರೆ ಇವು ಬಲವಾಗಿ ಹಾರುವ ಪತಂಗಗಳು, ದೂರದ ಹಳ್ಳ ಕೊಳ್ಳಗಳಿಂದಲೂ ವಾಸನೆ ಹಿಡಿದು ಬರುತ್ತವೆ. ಹಳ್ಳದ ಎರಡೂ ದಂಡೆಯ ದಾಗಡಿ ಹಾಗೇ ಇರುವಾಗ ಬೇವಿನ ಮೇಲಿನ ಒಂದು ಅಮೃತಬಳ್ಳಿ ಇದ್ದರೂ ಹೋದರೂ ನಿಮ್ಮ ಅಥವಾ ನೆರೆಯವರ ಹಣ್ಣಿನ ಲೆಕ್ಕ ಬದಲಾಗುವುದಿಲ್ಲ. ಇದನ್ನು ಅವರಿಗೆ ಸಮಾಧಾನದಿಂದ ತಿಳಿಸಿ. ಸಾಧ್ಯವಾದರೆ ರಾತ್ರಿ ಹಿಡಿಯುವ ಕೆಲಸಕ್ಕೆ ಅವರನ್ನೂ ಜೊತೆಗೆ ಕರೆಯಿರಿ, ಎರಡೂ ತೋಟಗಳಲ್ಲಿ ಒಂದೇ ಹೊತ್ತಿಗೆ ಹಿಡಿದರೆ ಗುಣ ಹೆಚ್ಚು.

ಅಮೃತಬಳ್ಳಿಯನ್ನು ಕಡಿಯುವುದೂ ತಿಳಿದಷ್ಟು ಸುಲಭವಲ್ಲ. ಬುಡದಲ್ಲಿ ಕತ್ತರಿಸಿದರೆ ಮರದ ಮೇಲೆ ಉಳಿದ ತುಂಡು ಸಾಯುವುದಿಲ್ಲ. ಅದರಿಂದ ದಾರದಂಥ ಬಿಳಲುಗಳು ಇಳಿದು, ನೆಲ ಮುಟ್ಟಿ ಮತ್ತೆ ಬೇರೂರುತ್ತವೆ, ಹೊಸ ಎಳೆ ಎಲೆಗಳು ಬರುತ್ತವೆ, ಆ ಎಳೆ ಎಲೆ ಮರಿಹುಳುವಿಗೆ ಒಳ್ಳೆಯ ಮೇವು. ಅರ್ಧ ಕಡಿದು ಬಿಡುವುದಕ್ಕಿಂತ ಉಳಿಸಿಕೊಂಡು ಕಾಯುವುದು ಲೇಸು.

ಮನೆಯ ಹತ್ತಿರದ ಬಳ್ಳಿಯಿಂದ ಒಂದು ಉಪಯೋಗವನ್ನೂ ಪಡೆಯಬಹುದು. ಜೂನ್ ಮಳೆ ಬಿದ್ದ ಎರಡು ವಾರದಿಂದ, ವಾರಕ್ಕೊಮ್ಮೆ ಕೈಗೆಟಕುವ ಎಲೆಗಳನ್ನು ತಿರುವಿ ತಳಭಾಗ ನೋಡಬೇಕು. ಅಂಚಿನಿಂದ ಒಳಕ್ಕೆ ಕಡಿದ ಎಲೆ, ಕೆಳಗೆ ಬಿದ್ದ ಕರಿ ಹಿಕ್ಕೆ ಕಂಡರೆ ಹುಳು ಅಲ್ಲೇ ಹತ್ತಿರದಲ್ಲಿದೆ ಎಂದರ್ಥ. ಬೆಳೆದ ಹುಳು ಮೊದಲು ಕಂಡ ದಿನದಿಂದ ಎರಡು ಮೂರು ವಾರದಲ್ಲಿ ಪತಂಗ ಹಾರುತ್ತದೆ, ಚೀಲ ಕಟ್ಟಲು ಆಳುಗಳನ್ನು ಕರೆಯಬೇಕಾದ ದಿನ ಅದಕ್ಕೆ ಮುಂಚಿನದು. ಕೆಲವು ಮೊಟ್ಟೆಗಳು ಕಪ್ಪಾಗಿ, ಅವುಗಳಿಂದ ಮರಿಹುಳುವಿನ ಬದಲು ಅಕ್ಷರದ ಚುಕ್ಕೆಯಷ್ಟಿರುವ ಪರಾವಲಂಬಿ ಕಣಜಗಳು ಹೊರಬರುವುದುಂಟು. ಅಂಥ ಕಪ್ಪು ಮೊಟ್ಟೆಗಳನ್ನು ಕೀಳದೆ ಬಿಡಿ, ಅವು ನಿಮ್ಮ ಕೆಲಸವನ್ನೇ ಮಾಡುತ್ತಿವೆ. ಅವ್ವನವರು ಹೇಗೂ ಕಾಂಡಕ್ಕಾಗಿ ಬಳ್ಳಿಯ ಹತ್ತಿರ ಹೋಗುತ್ತಾರಲ್ಲ, ಕಣ್ಣು ಬರೆದಂಥ ಮಚ್ಚೆಯ ಆ ಹುಳು ಹೇಗಿರುತ್ತದೆ ಎಂದು ಅವರಿಗೆ ಒಮ್ಮೆ ವಿವರಿಸಿ. ಕಂಡ ಹುಳುವನ್ನು ಹೆದರದೆ ಕೈಯಿಂದಲೇ ತೆಗೆದು ಸಾಬೂನು ನೀರಿಗೆ ಹಾಕಬಹುದು, ಎಲೆ ಸೇರಿಸಿ ಹೊಲಿದ ಮಡಿಕೆ ಕಂಡರೆ ಬಿಚ್ಚಿ ಒಳಗಿನ ಕೋಶವನ್ನೂ ತೆಗೆಯಬಹುದು.